ಎಂಟು ಮಿಲಿಮೀಟರ್ ಗಾಜು

ಎರಡನೇ ಬಕೆಟ್ಟು ಅರ್ಧ ತುಂಬಿತ್ತು. ಡಿಸ್ಕಸ್ ಮೀನು ಸಾಕುವವರಿಗೆ ಬೆಳಗಿನ ಮೊದಲ ಕೆಲಸ ನೀರು ಬದಲಿಸುವುದು; ಮುಖ ತೊಳೆಯುವುದು, ಒಲೆ ಹಚ್ಚುವುದು ಎಲ್ಲ ಅದಾದ ಮೇಲೆ. ಅವಳು ಟ್ಯಾಂಕಿನ ಮುಂದೆ ಮಂಡಿಯೂರಿ, ಪೈಪಿನ ತುದಿಯನ್ನು ನೀರೊಳಗೆ ಆಡಿಸುತ್ತ, ನೆಲ ಗುಡಿಸಿದಂತೆ ತಳದ ಕೊಳೆಯನ್ನು ಸಾಲುಸಾಲಾಗಿ ಎಳೆದುಕೊಳ್ಳುತ್ತಿದ್ದಳು. ಎಂಟು ವರ್ಷದ ಮಗಳು ಒಂದು ಕಾಲಿಗೆ ಸಾಕ್ಸು ಹಾಕಿ, ಇನ್ನೊಂದನ್ನು ಕೈಯಲ್ಲೇ ಹಿಡಿದುಕೊಂಡು, ಗಾಜಿಗೆ ಮೂಗು ಒತ್ತಿ ನಿಂತಿದ್ದಳು. ಮೈಕಟ್ಟಿಗೆ ತಕ್ಕ ಹಾಗೆ ಮನೆಯಲ್ಲಿ ಅವಳಿಗೆ ಕಡ್ಡಿ ಎಂದೇ ಹೆಸರು.

"ಅಮ್ಮಾ, ಹಳದಿಗೆ ಒಂದು ಕಣ್ಣಿಲ್ಲ."

"ಆ ಕಡೆ ತಿರುಗಿರತ್ತೆ. ಮೊದಲು ಸಾಕ್ಸ್ ಹಾಕ್ಕೋ."

"ತಿರುಗೋದನ್ನ ನೋಡೇ ಹೇಳ್ತಿದೀನಿ. ಈ ಕಡೆ ಕಣ್ಣಿದೆ, ಆ ಕಡೆ ತೂತಿದೆ."

ಪೈಪು ಅವಳ ಕೈಯಿಂದ ಜಾರಿ ಬಕೆಟ್ಟಿನಾಚೆ ಬಿತ್ತು. ನೀರು ನೆಲದ ಮೇಲೆ ಹರಿದು ಮಗಳ ಸಾಕ್ಸು ನೆನೆಯಿತು. ಅವಳು ಪೈಪನ್ನು ಮಡಚಿ ಹಿಡಿದು ಬಗ್ಗಿ ನೋಡಿದಳು.

ಹಳದಿ ಮೂಲೆಯಲ್ಲಿತ್ತು. ತಟ್ಟೆಯಂತೆ ದುಂಡಗೆ, ತಟ್ಟೆಯಂತೆಯೇ ತೆಳ್ಳಗಿದ್ದ ಆ ಮೀನು ಬಣ್ಣ ಕಳೆದುಕೊಂಡು, ಮೈತುಂಬ ಕಪ್ಪು ಪಟ್ಟೆ ಎಬ್ಬಿಸಿಕೊಂಡು, ಗೋಡೆಗೆ ಒರಗಿದ ಮನುಷ್ಯನ ಹಾಗೆ ಒಂದು ಮಗ್ಗುಲಿಗೆ ವಾಲಿತ್ತು. ಎಡಗಣ್ಣಿದ್ದ ಕಡೆ ಬಿಳಿಯ ಗುಳಿ. ಬಾಲದ ಮೇಲಿನ ಅರ್ಧ ಹರಿದು ದಾರದೆಳೆಗಳಂತೆ ತೂಗುತ್ತಿತ್ತು. ಅವಳು ನೋಡುತ್ತಿದ್ದ ಹಾಗೆಯೇ ದೊಡ್ಡ ನೀಲಿ ಮೀನು ಟ್ಯಾಂಕಿನ ಆ ತುದಿಯಿಂದ ನೆಟ್ಟಗೆ ಬಂದು ಹಳದಿಯ ಹೊಟ್ಟೆಗೆ ಗುದ್ದಿತು. ಒಂದಿಷ್ಟು ಪೊರೆ ಉದುರಿ, ಮಿನುಗುತ್ತ ಕೆಳಗಿಳಿಯಿತು. ನೀಲಿ ಹಿಂದೆ ಸರಿದು, ರೆಕ್ಕೆ ಬಿಚ್ಚಿಕೊಂಡು, ಮತ್ತೆ ಗುದ್ದಿತು. ಈ ಸಲ ಗುರಿ ಉಳಿದಿದ್ದ ಕಣ್ಣು.

"ಹೆಡ್ಮಾಸ್ಟರಿಗೆ ಇವತ್ತು ಸಿಟ್ಟು ಬಂದಿದೆ," ಎಂದಳು ಕಡ್ಡಿ. ಎದೆಯುಬ್ಬಿಸಿ ಓಡಾಡುತ್ತದೆಂದು ನೀಲಿಗೆ ಆ ಹೆಸರಿಟ್ಟವಳು ಅವಳೇ. "ಹಳದಿ ಏನು ಮಾಡಿತ್ತು?"

"ಏನೂ ಮಾಡಿಲ್ಲ ಕಂದಾ."

"ಮತ್ಯಾಕೆ ಹೊಡೀತಿದೆ?"

"ಸಾಕ್ಸ್ ಒದ್ದೆಯಾಯ್ತು. ಬೇರೆ ಹಾಕ್ಕೋ, ಹೋಗು."

ಮಗಳ ಪ್ರಶ್ನೆಗಳನ್ನು ಹೀಗೆ ಬೇರೆ ಕಡೆ ತಿರುಗಿಸುವುದರಲ್ಲಿ ಅವಳ ಕೈ ಪಳಗಿಹೋಗಿತ್ತು. ಕಡ್ಡಿಯ ಪ್ರಶ್ನೆಗಳೆಲ್ಲ ಒಂದೇ ಓಣಿಯ ಕಡೆಗೆ ನಡೆಯುತ್ತಿವೆ, ಒಂದಲ್ಲ ಒಂದು ದಿನ ಆ ಓಣಿಯ ಕೊನೆಯ ಬಾಗಿಲನ್ನು ತಟ್ಟಿಬಿಡುತ್ತವೆ ಎಂಬ ದಿಗಿಲು ಅವಳಿಗೆ ಐದು ವರ್ಷಗಳಿಂದಲೂ ಇತ್ತು. ಆ ಬಾಗಿಲ ಹಿಂದೆ ಇದ್ದದ್ದು ಕಡ್ಡಿಯ ಅಪ್ಪನ ಸಾವು. ಟ್ಯಾಂಕು ತಾನಾಗಿ ಒಡೆಯಿತು, ಗಾಜು ಅಪ್ಪನ ಮೇಲೆ ಬಿತ್ತು: ಮಗಳಿಗೆ ಗೊತ್ತಿದ್ದದ್ದು ಇಷ್ಟೇ. ಇಷ್ಟೇ ಗೊತ್ತಿರಲಿ ಎಂದು ಅವಳು ಹಲ್ಲು ಕಚ್ಚಿ ಕಾದುಕೊಂಡಿದ್ದಳು.

ಹಾಗಿದ್ದ ಮೇಲೆ ಮತ್ತೆ ಟ್ಯಾಂಕು ಏಕೆ ಇಟ್ಟಳು? ಅವಳಿಗೆ ಬೇಕಿತ್ತು, ಅಷ್ಟೆ. ಒಂದೇ ಕೋಣೆಯ ಮನೆ. ಒಂದು ಗೋಡೆಗೆ ಇಸ್ತ್ರಿ ಮೇಜು, ಇನ್ನೊಂದಕ್ಕೆ ಮಂಚ. ದಿನವಿಡೀ ಪರರ ಅಂಗಿ, ಪರರ ಹೊದಿಕೆಗಳ ಸುಕ್ಕು ಬಿಡಿಸುತ್ತ ನಿಲ್ಲುವವಳಿಗೆ ತಲೆಯೆತ್ತಿದಾಗ ನೋಡಲು ಏನಾದರೂ ಬೇಕಲ್ಲ. ಬರಿಯ ಗೋಡೆಯನ್ನು ಐದು ವರ್ಷ ನೋಡಿದ್ದಳು. ಒಂದು ದಿನ ಕಾಲುಗಳೇ ಅವಳನ್ನು ಟ್ಯಾಂಕು ಕಟ್ಟಿಕೊಡುವ ಗಾಜಿನಣ್ಣನ ಅಂಗಡಿಗೆ ಕರೆದೊಯ್ದವು. ಟ್ಯಾಂಕು ಬಂತು. ನೀರು ತುಂಬಿ, ಹೀಟರು ಇಳಿಬಿಟ್ಟು, ಸ್ಪಾಂಜಿನ ಫಿಲ್ಟರು ಹಾಕಿ, ಒಂದೂ ಮೀನಿಲ್ಲದೆ ನಲವತ್ತು ದಿನ ಓಡಿಸಿದಳು. ಹೊಸ ನೀರು ಡಿಸ್ಕಸ್‌ಗೆ ವಿಷ, ನೀರು ಹಳೆಯದಾಗಬೇಕು. "ಖಾಲಿ ನೀರಿಗೆ ಗಾಳಿ ಹಾಕ್ತೀಯಲ್ಲಮ್ಮ, ಇದೇನು ಹುಚ್ಚು," ಎಂದು ಮೇಲಿನ ಮನೆಯ ಅಜ್ಜಿ ದಿನಾ ನಗುತ್ತಿತ್ತು. ಮೂರು ವಾರದ ಕೆಳಗೆ ಆರು ಮೀನು ಬಂದವು.

ಈಗ ಹಳದಿಯನ್ನು ಬಲೆಯಲ್ಲಿ ಎತ್ತಿ ಬಕೆಟ್ಟಿಗೆ ಬಿಟ್ಟು, ಗಾಳಿಯ ಕೊಳವೆ ಹಾಕಿಕೊಟ್ಟಳು. ಪೆಟ್ಟು ತಿಂದದ್ದನ್ನು ಎತ್ತಿಕೊಳ್ಳುವುದು ಯಾವ ತಾಯಿಗೂ ಕೈಗೆ ಮೊದಲು ಬರುವ ಕೆಲಸ. ಅದು ತಪ್ಪೆಂದು ಅವಳಿಗೆ ಹೊಳೆಯಲೂ ಇಲ್ಲ.

ಮಗಳನ್ನು ಶಾಲೆಗೆ ಬಿಟ್ಟು ಬಂದು ಮೂರನೆಯ ಅಂಗಿಯ ಕಾಲರಿಗೆ ಇಸ್ತ್ರಿ ಒತ್ತುವಾಗ ಟ್ಯಾಂಕಿನಿಂದ ದಬ್ ಎಂದು ಸದ್ದಾಯಿತು. ಹೆಡ್ಮಾಸ್ಟರು ಈಗ ಕೆಂಪು ಮೀನು ಕೆಂಪಿಯ ಬೆನ್ನು ಹತ್ತಿತ್ತು. ನಿನ್ನೆಯವರೆಗೂ ಕೆಂಪಿಯನ್ನು ಅದು ಕಣ್ಣೆತ್ತಿ ನೋಡಿರಲಿಲ್ಲ. ಕೆಂಪಿ ಗಾಜಿಗೆ ಬಡಿದುಕೊಳ್ಳುತ್ತ, ತಳಕ್ಕೂ ಮೇಲಕ್ಕೂ ತೂರಾಡುತ್ತಿದ್ದರೆ, ಉಳಿದ ಮೂರು ಒಂದು ಮೂಲೆಗೆ ಸೇರಿ, ತಮಗೆ ಸಂಬಂಧವೇ ಇಲ್ಲವೆಂಬಂತೆ ಮುಖ ತಿರುಗಿಸಿ ನಿಂತಿದ್ದವು. ಅವಳು ಗಾಜಿಗೆ ಅಂಗೈ ಬಡಿದಳು. ಹೆಡ್ಮಾಸ್ಟರು ಒಂದು ಕ್ಷಣ ನಿಂತು, ಅವಳನ್ನು ನೋಡಿ, ಮತ್ತೆ ಶುರು ಮಾಡಿತು. ಬೆಂದ ಬಟ್ಟೆಯ ವಾಸನೆ ಬಂದಾಗಲೇ ಅವಳು ತಿರುಗಿದ್ದು. ಕಾಲರು ಕಂದಿಹೋಗಿತ್ತು. ಬಕೆಟ್ಟಿನಲ್ಲಿ ಹಳದಿ ಹೊಟ್ಟೆ ಮೇಲಾಗಿ ತೇಲುತ್ತಿತ್ತು.

ಅವಳ ಗಂಡನೂ ಹೀಗೆಯೇ ಒಂದು ಕ್ಷಣ ನಿಂತು, ನೋಡಿ, ಮತ್ತೆ ಶುರು ಮಾಡುತ್ತಿದ್ದ.

ಅವನು ನೆಲಕ್ಕೆ ಟೈಲ್ಸ್ ಹಾಕುವ ಕೆಲಸದವನು. ಕೈ ಅಳತೆ ತಪ್ಪುತ್ತಿರಲಿಲ್ಲ. ಹೊಡೆಯುವಾಗಲೂ ಅಷ್ಟೇ ನಾಜೂಕು: ಬಟ್ಟೆ ಮುಚ್ಚುವ ಜಾಗ ನೋಡಿ ಪಕ್ಕೆಗೆ, ತೊಡೆಗೆ, ಬೆನ್ನಿಗೆ. ಎರಡು ಸಲ ಪಕ್ಕೆಲುಬು ಮುರಿದಿದ್ದ. ಒಮ್ಮೆ ಬಿಸಿ ಇಸ್ತ್ರಿಯನ್ನು ಅವಳ ಸೊಂಟಕ್ಕೆ ಒತ್ತಿ, ಚರ್ಮ ಅಂಟಿ ಬಂದದ್ದನ್ನು ಉಗುರಿನಿಂದ ಕೆರೆದು ತೆಗೆದು, "ಒರೆಸಿಟ್ಟುಕೋ, ಗಿರಾಕಿಗಳ ಬಟ್ಟೆಗೆ ಹತ್ತೀತು," ಎಂದಿದ್ದ. ಅವಳು ಒಂದು ದಿನವೂ ಕೈ ಎತ್ತಿರಲಿಲ್ಲ. ಹೊಡೆತ ಬೀಳುವಾಗ ಕಣ್ಣನ್ನು ಟ್ಯಾಂಕಿನ ಮೇಲೆ ನೆಟ್ಟು, ಮೀನುಗಳನ್ನು ಎಣಿಸುತ್ತ ಮುಗಿಯುವುದನ್ನು ಕಾಯುತ್ತಿದ್ದಳು.

ಆವತ್ತು ಅವಳ ಜೋಡಿ ಮೀನು ಮೊದಲ ಸಲ ಮರಿ ಉಳಿಸಿಕೊಂಡಿತ್ತು. ಡಿಸ್ಕಸ್ ಮರಿಗಳು ಮೊದಲ ದಿನಗಳಲ್ಲಿ ತಾಯಿತಂದೆಯರ ಮೈಗೆ ಅಂಟಿಕೊಂಡೇ ಇದ್ದು, ಆ ಮೈಯ ಲೋಳೆಯನ್ನೇ ತಿಂದು ಬೆಳೆಯುತ್ತವೆ. ತಾಯಿಮೀನಿನ ಎರಡೂ ಪಕ್ಕೆಗೆ ಸಾಸಿವೆಯಂಥ ಮರಿಗಳು ಮುತ್ತಿದ್ದವು. ಊಟ ತಡವಾಯಿತೆಂದು ಅವನು ಅವಳ ಜುಟ್ಟು ಹಿಡಿದು ಮೇಜಿನ ಅಂಚಿಗೆ ಮುಖ ಅಪ್ಪಳಿಸಿದ. ಹಲ್ಲು ಮುರಿಯಿತು. ಅವಳು ಬಾಯಲ್ಲಿ ರಕ್ತ ತುಂಬಿಕೊಂಡು ಎಂದಿನಂತೆ ಟ್ಯಾಂಕಿನ ಕಡೆ ನೋಡಿದಳು. ಅವನೂ ಆ ಕಡೆ ನೋಡಿದ.

"ಏನು, ಅಲ್ಲೇನಿದೆ ನಿಂಗೆ? ನಿನ್ನಪ್ಪ ಇದಾನಾ ಅಲ್ಲಿ?"

ಟ್ಯಾಂಕಿಗೆ ತೋಳು ಹಾಕಿ ತಾಯಿಮೀನನ್ನು ಹಿಡಿದು ಮೇಲೆತ್ತಿ, ಅವಳ ಮುಖದ ಮುಂದೆ ಹಿಡಿದು, ಬಟ್ಟೆ ಹಿಂಡಿದ ಹಾಗೆ ಹಿಂಡಿದ. ಮೂಳೆ ಮುರಿದ ಸದ್ದು ಕೇಳಿತು. ಮರಿಗಳು ಅವನ ಮಣಿಕಟ್ಟಿಗೆ ಅಂಟಿಕೊಂಡಿದ್ದವು. ಹಿಂಡಿ ಮುಗಿಸಿ, ತಂದೆಮೀನನ್ನು ಹಿಡಿಯಲು ಅವನು ಮತ್ತೆ ಬಗ್ಗಿದ.

ಲಾಂಡ್ರಿಯ ಭಾರದ ಇಸ್ತ್ರಿಪೆಟ್ಟಿಗೆ ಅವಳ ಕೈಯಲ್ಲಿತ್ತು. ಹಿಂದಿನಿಂದ ಅವನ ತಲೆಗೆ ಹೊಡೆದಳು. ಅವನು ತೂರಾಡಿ ಅರ್ಧ ತಿರುಗಿದ. ಎರಡನೇ ಪೆಟ್ಟು ತಲೆ ತಪ್ಪಿ ಗಾಜಿಗೆ ಬಿತ್ತು. ಮುನ್ನೂರು ಲೀಟರು ನೀರು ಒಂದೇ ಏಟಿಗೆ ಮನೆಯೊಳಗೆ ನುಗ್ಗಿತು. ಅವನು ಮುಂದಕ್ಕೆ ಕುಸಿದದ್ದು ನಿಂತಿದ್ದ ಗಾಜಿನ ಚೂಪಿನ ಮೇಲೆ, ಕುತ್ತಿಗೆ ಕೊಟ್ಟು. ರಕ್ತ ಚಿಮ್ಮಿ ಗೋಡೆಗೆ, ಮಂಚಕ್ಕೆ, ಮೂರು ವರ್ಷದ ಕಡ್ಡಿ ಹಿಡಿದು ನಿಂತಿದ್ದ ಕುರ್ಚಿಗೆ ಹಾರಿತು. ನೆಲದ ತುಂಬ ಕೆಂಪು ನೀರು, ಅದರಲ್ಲಿ ಪಟಪಟನೆ ಬಡಿದುಕೊಳ್ಳುವ ಮೀನು, ಮೀನಿನ ಹಾಗೆಯೇ ಬಾಯಿ ತೆರೆದು ಮುಚ್ಚುವ ಅವನು. ಬಟ್ಟೆ ಕೊಡು ಎಂಬಂತೆ ಕೈ ಚಾಚಿದ. ಪಕ್ಕದಲ್ಲೇ ಇಸ್ತ್ರಿ ಮಾಡಿ ಮಡಿಸಿಟ್ಟ ಹನ್ನೆರಡು ಬಿಳಿ ಹೊದಿಕೆಗಳಿದ್ದವು. ಅವಳು ಒಂದನ್ನು ಎತ್ತಿಕೊಂಡಳು ಕೂಡ. ಆಗ ತಲೆಯೊಳಗೆ ಬಂದ ಮಾತು ಒಂದೇ: ಗಿರಾಕಿಗಳದ್ದು, ರಕ್ತದ ಕಲೆ ಹೋಗುವುದಿಲ್ಲ. ಹೊದಿಕೆಯನ್ನು ಹಿಂದಕ್ಕಿಟ್ಟು ಮಗಳನ್ನು ಎತ್ತಿಕೊಂಡಳು.

ಸದ್ದು ಕೇಳಿ ಮೇಲಿನ ಮನೆಯ ಅಜ್ಜಿ ಇಳಿದು ಬಂದಾಗ ಎಲ್ಲ ಮುಗಿದಿತ್ತು. ಅಜ್ಜಿ ಇಸ್ತ್ರಿಪೆಟ್ಟಿಗೆಯನ್ನು ನಲ್ಲಿಯ ಕೆಳಗೆ ತೊಳೆದು ಮೇಜಿನ ಮೇಲಿಟ್ಟಿತು. "ಟ್ಯಾಂಕು ತಾನಾಗೇ ಒಡೀತು. ಏನು? ಇನ್ನೊಂದು ಸಲ ಹೇಳು. ತಾನಾಗೇ ಒಡೀತು. ನಾನು ಮೆಟ್ಟಿಲ ಮೇಲಿಂದ ನೋಡ್ದೆ." ಬಂದ ಪೊಲೀಸರು ತಲೆಯ ಗಾಯವನ್ನೂ ಗಾಜಿನ ತಲೆಗೇ ಕಟ್ಟಿ ಬರೆದುಕೊಂಡು ಹೋದರು.

ಮಗಳಿಗಾಗಿ ಹೊಡೆದೆ ಎಂದು ಅವಳು ತನಗೆ ತಾನೇ ಹೇಳಿಕೊಳ್ಳುವಂತೆಯೂ ಇರಲಿಲ್ಲ. ಅವನು ಆವತ್ತು ಮಗಳ ಮೈ ಮುಟ್ಟಿರಲಿಲ್ಲ. ಅಷ್ಟು ವರ್ಷ ತನಗಾಗಿ ಎತ್ತದ ಕೈಯನ್ನು ಅವಳು ಒಂದು ಮೀನಿಗಾಗಿ ಎತ್ತಿದ್ದಳು. ಇದನ್ನು ಎಂಟು ವರ್ಷದ ಮಗುವಿಗೆ ಯಾವ ಬಾಯಲ್ಲಿ ಹೇಳುವುದು?

ಶಾಲೆ ಬಿಟ್ಟ ಮೇಲೆ ಕಡ್ಡಿಯನ್ನು ಕರೆದುಕೊಂಡೇ ಗಾಜಿನಣ್ಣನ ಅಂಗಡಿಗೆ ಹೋದಳು. ಮೀನು ಮಾರುವುದು ಅವನ ಅರ್ಧ ಕೆಲಸ. ಗಾಜು ಕತ್ತರಿಸಿ ಟ್ಯಾಂಕು ಅಂಟಿಸುವುದು ಇನ್ನರ್ಧ. ಕಡ್ಡಿ ದಾರಿಯುದ್ದಕ್ಕೂ ಹಳದಿಗಾಗಿ ಅತ್ತು ಮೂಗು ಕೆಂಪಗೆ ಮಾಡಿಕೊಂಡಿದ್ದಳು.

"ಯಾರು ಸತ್ರು?" ಎಂದ ಗಾಜಿನಣ್ಣ.

"ಹಳದಿ," ಎಂದಳು ಕಡ್ಡಿ. "ಹೆಡ್ಮಾಸ್ಟರ್ ಕಣ್ಣು ಕಿತ್ತು ಹಾಕಿದ್ರು."

"ಯಾವ ಸ್ಕೂಲಮ್ಮ ಅದು? ಅಲ್ಲಿಂದ ಬಿಡಿಸಿಬಿಡಕ್ಕ ಇವಳನ್ನ."

ಕಡ್ಡಿ ನಗಲಿಲ್ಲ. ನಡೆದದ್ದನ್ನು ಅಮ್ಮನೇ ಹೇಳಿದಳು. ಅವನು ಕೇಳುತ್ತ ಗಾಜಿನ ಅಂಚನ್ನು ಉಜ್ಜುತ್ತಲೇ ಇದ್ದ.

"ಅಕ್ಕಾ, ನೀನು ಹಳೇ ಕೈ, ಮರೆತುಬಿಟ್ಯಾ? ಹೊಡೆಸಿಕೊಂಡಿದ್ದನ್ನ ತೆಗೆದ್ರೆ ಹೊಡೆಯೋದು ಇನ್ನೊಂದನ್ನ ಹುಡುಕ್ಕೊಳ್ಳತ್ತೆ. ಅದು ಸತ್ರೆ ಮತ್ತೊಂದು. ಹೊಡೆಯೋದನ್ನ ತೆಗೀಬೇಕು. ಬಕೆಟ್ಟಲ್ಲಿ ಒಂಟಿಯಾಗಿ ಒಂದು ವಾರ ಬಿಡು. ಅಷ್ಟರಲ್ಲಿ ಟ್ಯಾಂಕೊಳಗಿನ ಸಾಮಾನೆಲ್ಲ ಜಾಗ ಬದಲಾಯಿಸು. ವಾಪಸ್ ಹಾಕಿದಾಗ ಅದಕ್ಕೆ ಇದು ಯಾರ ಮನೆ ಅಂತಾನೇ ಗೊತ್ತಾಗಲ್ಲ, ಕೊನೇ ಬೆಂಚಲ್ಲಿ ಕೂರತ್ತೆ."

"ತೆಗೀತೀನಿ. ಹೋದ ತಕ್ಷಣ."

"ಟ್ಯಾಂಕ್ ಗಟ್ಟಿ ಇದೆ ತಾನೆ?"

"ಇದೆ."

ಅವನು ಉಜ್ಜುವುದನ್ನು ನಿಲ್ಲಿಸಿದ. "ಎಂಟು ಮಿಲಿಮೀಟರ್ ಗಾಜು. ಅವತ್ತೂ ಎಂಟೇ ಹಾಕಿದ್ದೆ. ನಿನ್ನ ಮುಂದೆ ಹೇಳಬಾರದು ಅಂತ ಐದು ವರ್ಷ ಬಾಯಿ ಮುಚ್ಚಿಕೊಂಡಿದೀನಕ್ಕ. ನಾನು ಮಾಡಿದ ಟ್ಯಾಂಕ್ ಒಡೆದು ಮನುಷ್ಯ ಸತ್ತ ಅಂತ ಬೀದಿಯೆಲ್ಲ ಆಡಿಕೊಂಡ್ರು. ಎರಡು ವರ್ಷ ಒಬ್ಬರೂ ನನ್ನ ಹತ್ರ ಟ್ಯಾಂಕ್ ಕಟ್ಟಿಸಲಿಲ್ಲ. ಅಂಟು ಬಿಟ್ರೆ ಮೊದಲು ನೀರು ಸೋರತ್ತೆ. ಒಂದು ದಿನ ಸೋರತ್ತೆ, ಎರಡು ದಿನ ಸೋರತ್ತೆ, ನೆಲ ಒದ್ದೆಯಾಗತ್ತೆ. ಸುಮ್ಮನೆ ನಿಂತಿರೋ ಗಾಜು ಮನುಷ್ಯನ ಕುತ್ತಿಗೆ ಹುಡುಕ್ಕೊಂಡು ಬರಲ್ಲ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವಳಿಗೆ ಚುಚ್ಚಿತು. ತನ್ನ ಸುಳ್ಳು ಇಷ್ಟು ದಿನ ಯಾರ ತಲೆಯ ಮೇಲೆ ಕೂತಿತ್ತೆಂಬುದು ಅವಳಿಗೆ ಗೊತ್ತಿತ್ತು. ಆ ನಾಚಿಕೆಗೇ ಐದು ವರ್ಷ ಈ ಬೀದಿ ಹಾಯ್ದಿರಲಿಲ್ಲ. ಕ್ಷಮಿಸಣ್ಣ ಎನ್ನಲು ಬಾಯಿ ತೆರೆದಳು. ಕೆಳಗೆ ನೋಡಿದರೆ ಕಡ್ಡಿ ಕಿವಿಯಾಗಿ ನಿಂತಿದ್ದಳು.

"ಹೊತ್ತಾಯ್ತು, ನಡಿ," ಎಂದು ಮಗಳ ಕೈ ಹಿಡಿದೆಳೆದಳು.

ಓಣಿಯ ತಿರುವಿನಲ್ಲಿ ಕಡ್ಡಿ, "ನೀರು ಸೋರಿತ್ತಾ?" ಎಂದಳು.

"ಯಾವ ನೀರು?"

"ಏನಿಲ್ಲ."

ಮನೆಗೆ ಬಂದಾಗ ಹೊದಿಕೆಗಳಿಗಾಗಿ ಲಾಡ್ಜಿನವನು ಎರಡು ಸಲ ಆಳು ಕಳಿಸಿದ್ದನೆಂದು ಅಜ್ಜಿ ಮೆಟ್ಟಿಲ ಮೇಲಿನಿಂದಲೇ ಕೂಗಿ ಹೇಳಿತು. ಅವಳು ಗಂಟನ್ನು ತಲೆಯ ಮೇಲೇರಿಸಿಕೊಂಡಳು. "ಕೊಟ್ಟು ಓಡಿ ಬಂದೆ. ಬಂದು ಹೆಡ್ಮಾಸ್ಟರನ್ನ ತೆಗೀತೀನಿ. ನೀನು ಟ್ಯಾಂಕ್ ಮುಟ್ಟಬೇಡ."

"ಕೆಂಪಿ ಕಣ್ಣು?"

"ಹತ್ತು ನಿಮಿಷಕ್ಕೆ ಏನಾಗಲ್ಲ ಕಣೇ."

ಹತ್ತು ನಿಮಿಷ ಇಪ್ಪತ್ತಾಯಿತು. ಲಾಡ್ಜಿನವನು ತನ್ನ ಅಂಗಿಯ ಕಂದಿದ ಕಾಲರಿಗಾಗಿ ಅವಳನ್ನು ನಿಲ್ಲಿಸಿಕೊಂಡು ಬಾಯಿಗೆ ಬಂದಂತೆ ಬೈದ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡು ಬಂದಳು. ಬಾಗಿಲು ತಳ್ಳಿದಾಗ ಬಿಸಿಲಿನ್ನೂ ಕಿಟಕಿಯಲ್ಲಿತ್ತು.

ಕಡ್ಡಿ ನೆಲದ ಮೇಲೆ ಮಂಡಿಯೂರಿದ್ದಳು. ತೋಳು ಭುಜದವರೆಗೆ ಒದ್ದೆ. ಎದುರಿಗೆ ಹೆಡ್ಮಾಸ್ಟರು. ಅದು ಈಗ ಮೀನಿನಂತಿರಲಿಲ್ಲ. ತಲೆ ಚಪ್ಪಟೆಯಾಗಿ, ಕಿವಿರು ಹೊರಗೆ ಬಂದು, ನೀಲಿ ಚರ್ಮ ನೆಲಕ್ಕೆ ಅಂಟಿತ್ತು. ಬಾಲ ಮಾತ್ರ ಇನ್ನೂ ಮಿಸುಕುತ್ತಿತ್ತು. ಕಡ್ಡಿ ಶಾಲೆಯ ಸ್ಟೀಲು ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆತ್ತಿ ಇನ್ನೊಂದು ಪೆಟ್ಟು ಹಾಕಿದಳು. ಬಾಲ ನಿಂತಿತು.

"ಹೊಡೆಯೋದನ್ನ ತೆಗೆದೆ," ಎಂದಳು ಕಡ್ಡಿ. ಅಳುತ್ತಿರಲಿಲ್ಲ. "ಬಕೆಟ್ಟಿಗೆ ಹಾಕೋಕೆ ಹೋದೆ. ಬಲೆಯಿಂದ ಹಾರಿ ಕೈಗೆ ಕಚ್ಚಿತು. ಸಿಟ್ಟು ಬಂತು. ಮೊದಲನೇ ಸಲ ಹೊಡೆದಾಗ ನನ್ನನ್ನ ನೋಡ್ತಾ ಇತ್ತು. ಅದಕ್ಕೆ ಮತ್ತೆ ಹೊಡೆದೆ. ಆರು ಸಲ."

"ಬಾಟಲಿ ಕೊಡು ಕಂದಾ."

ಕಡ್ಡಿ ಕೊಡಲಿಲ್ಲ. ಬೆರಳುಗಳು ಬಿಗಿದುಕೊಂಡುಬಿಟ್ಟಿದ್ದವು. ಅವಳು ಎದುರಿಗೆ ಕೂತು, ಜ್ವರದ ಮಗುವಿನ ಬಾಯಿಂದ ಥರ್ಮಾಮೀಟರು ಬಿಡಿಸುವಂತೆ, ಒಂದೊಂದೇ ಬೆರಳನ್ನು ಸವರಿ ಬಿಡಿಸಿದಳು. ಬಾಟಲಿಯ ತಳಕ್ಕೆ ಪೊರೆಗಳು ಅಂಟಿದ್ದವು. ಮಗಳನ್ನು ಎತ್ತಿಕೊಂಡು ಬಚ್ಚಲಿಗೆ ಹೋಗಿ, ಬೆಚ್ಚಗಿನ ನೀರಿನಲ್ಲಿ ಕೈ ತೊಳೆದಳು. ಉಗುರಿನ ಸಂದಿಯ ರಕ್ತವನ್ನು ಪಿನ್ನಿನ ತುದಿಯಿಂದ ಬಿಡಿಸಿದಳು. ಕೆನ್ನೆಗೆ ಹಾರಿದ್ದ ಒಂದು ಚೂರನ್ನು ಸೆರಗಿನಿಂದ ಒರೆಸಿದಳು. ಬೈಯಬೇಕೆನಿಸಲಿಲ್ಲ. ಎದೆಯಲ್ಲಿದ್ದದ್ದು ಬರಿಯ ಭಯ. ಈ ಕೈಗೆ ಇದನ್ನು ಯಾರು ಕಲಿಸಿದರು? ಮೂರು ವರ್ಷದ ಕಣ್ಣಿಗೆ ಏನೂ ನೆನಪಿರುವುದಿಲ್ಲ ಎಂದು ಯಾರು ಹೇಳಿದ್ದು? ಅಜ್ಜಿ ಹೇಳಿತ್ತು, ಅವಳು ನಂಬಿದ್ದಳು.

ಮಗಳಿಗೆ ಟವೆಲು ಸುತ್ತಿ ತೊಡೆಯ ಮೇಲೆ ಕೂರಿಸಿಕೊಂಡು ಬೆನ್ನು ನೀವಿದಳು. ಟ್ಯಾಂಕಿನಲ್ಲಿ ನಾಲ್ಕು ಮೀನು ಮೂಲೆ ಬಿಟ್ಟು ಮೆಲ್ಲಗೆ ಹೊರಗೆ ಬರುತ್ತಿದ್ದವು.

ಮೆಟ್ಟಿಲ ಮೇಲೆ ಅಜ್ಜಿಯ ಚಪ್ಪಲಿಯ ಸದ್ದಾಯಿತು. "ಏನಮ್ಮಾ ಅದು, ದಬದಬ ಅಂತ ಏನು ಕುಟ್ತಿದ್ರಿ?"

ಮಗಳನ್ನು ಯಾರೂ ಕೆಟ್ಟ ಕಣ್ಣಿಂದ ನೋಡಬಾರದು, ಇವಳಿಗೆ ಹೀಗೊಂದು ಕೈಯಿದೆ ಎಂದು ಲೋಕದಲ್ಲಿ ಒಬ್ಬರಿಗೂ ಗೊತ್ತಾಗಬಾರದು: ಅವಳ ತಲೆಯಲ್ಲಿ ಬೇರೇನೂ ಇರಲಿಲ್ಲ. ಒಂದು ಕೈಯಲ್ಲಿ ನೆಲದ ಮೇಲಿದ್ದುದನ್ನು ಬಟ್ಟೆಗೆ ಬಳಿದುಕೊಂಡು, ಮಗಳ ಕಿವಿಗೆ ಬಾಯಿಟ್ಟು ಮೆತ್ತಗೆ, ಅವಸರದಲ್ಲಿ ಹೇಳಿದಳು.

"ಯಾರು ಕೇಳಿದ್ರೂ ಮೀನು ತಾನಾಗೇ ಹಾರಿ ಬಿತ್ತು ಅಂತ ಹೇಳು. ಏನು? ಇನ್ನೊಂದು ಸಲ ಹೇಳು. ತಾನಾಗೇ ಬಿತ್ತು."

ಹೇಳಿದ ಮೇಲೆ ತನ್ನ ದನಿ ತನಗೇ ಕೇಳಿಸಿತು.

ಕಡ್ಡಿ ಟವೆಲಿನಿಂದ ಮುಖ ಹೊರಗೆ ತೆಗೆದಳು. ಅಮ್ಮನ ಬಾಯನ್ನು, ಆಮೇಲೆ ಕಣ್ಣನ್ನು, ಒಂದು ಗಳಿಗೆ ಬಿಡದೆ ನೋಡಿದಳು.

"ಅಮ್ಮಾ, ಅಪ್ಪನ್ನೂ ನೀನು ಹೀಗೇ ಹೊಡೆದು, ಆಮೇಲೆ ಹೀಗೇ ಹೇಳಿದ್ಯಾ?"